ದೀಪದ ಗೂಡಿನ ಎತ್ತರ

ದೊಡ್ಡ ವಸ್ತುವನ್ನು ಚಿಕ್ಕದಾಗಿ ಮಾಡುವದು ಮಕ್ಕಳ ಆಟವೆಂದು ಜನರು ಸಾಮಾನ್ಯವಾಗಿ ತಿಳಿದಿರುತ್ತಾರೆ. ಹುಬ್ಬಳ್ಳಿಯ ವಿದ್ಯಾನಗರದ ಒಂದು ಬಾಡಿಗೆಯ ಮನೆಯಲ್ಲಿ, ಕಲಾಭ್ಯಾಸ ಮಾಡುತ್ತಿದ್ದ ಹುಡುಗಿಯೊಬ್ಬಳೂ ಅವಳ ಅಜ್ಜಿಯೂ ಒಂದು ಮಳೆಗಾಲವನ್ನೆಲ್ಲ ಈ ಆಟದಲ್ಲಿಯೇ ಕಳೆದರು. ಆದರೆ ಅದರ ಕೊನೆಗೆ ಅವರ ಕೈಗೆ ಬಂದದ್ದು ಆಟಿಕೆಯಾಗಿರಲಿಲ್ಲ.

ವಿದ್ಯಾನಗರವು ಹೆಸರಿಗೆ ತಕ್ಕ ಬಡಾವಣೆ. 1947ರಲ್ಲಿ ಆರಂಭವಾದ ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜು, 1957ರಲ್ಲಿ ಆರಂಭವಾದ ಮೆಡಿಕಲ್ ಕಾಲೇಜು, ಇವೆರಡೂ ಇಲ್ಲಿಯವೇ. ಧಾರವಾಡಕ್ಕೆ ಹೋಗುವ ದಾರಿಯ ಎರಡೂ ಮಗ್ಗುಲಿಗೆ ಪರವೂರ ಮಕ್ಕಳು ಕೋಣೆ ಹಿಡಿದು ಓದುತ್ತಾರೆ. ಅವರ ಹಿಂದೆ ಬಂದ ತಾಯಂದಿರೂ ಅಜ್ಜಿಯರೂ ಒಲೆ ಹೂಡಿಕೊಂಡು ಪರೀಕ್ಷೆಗಳು ಮುಗಿಯುವ ದಾರಿಯನ್ನು ಕಾಯುತ್ತಾರೆ. ಈ ಹುಡುಗಿಯ ತಂದೆತಾಯಿಗಳು ಬಾಗಲಕೋಟೆಯ ನವನಗರದಲ್ಲಿರುವವರು. ಮೊಮ್ಮಗಳಿಗೆ ಬಿಸಿ ರೊಟ್ಟಿ ಮಾಡಿ ಹಾಕುವದಕ್ಕೆಂದು ಅಜ್ಜಿಯು ಬಂದು ಸಂಗಡ ಇದ್ದಳು.

ಕಲಾಶಾಲೆಯಲ್ಲಿ ಆ ಸಲ ಕೊಟ್ಟ ಕೆಲಸವು ಹೀಗಿತ್ತು: ಗೃಹಜೀವನದ ಒಂದು ದೃಶ್ಯಕ್ಕೆ ಬೇಕಾದ ರಂಗಸಜ್ಜಿಕೆಯ ಕಿರುಮಾದರಿಯನ್ನು ಇಪ್ಪತ್ತೈದರಲ್ಲಿ ಒಂದು ಪಾಲಿನ ಅಳತೆಯಲ್ಲಿ ಕಟ್ಟಬೇಕು; ಅದರಲ್ಲಿ ನಿಲ್ಲುವ ಎರಡು ಪಾತ್ರಗಳ ಗೊಂಬೆಗಳನ್ನೂ ಮಾಡಬೇಕು; ನಿಂತ ನಿಲುವಿನಿಂದಲೇ ಅವರು ಎಂಥವರೆಂಬದು ನೋಡುವವರಿಗೆ ತಿಳಿಯಬೇಕು. ಈ ಅಳತೆಯಲ್ಲಿ ನಿಜದ ಒಂದು ಮೀಟರು 4 ಸೆಂಟಿಮೀಟರು ಆಗುವದು. ಆಳೆತ್ತರದ ಮನುಷ್ಯನು ಕಿರುಬೆರಳಿನಷ್ಟಾಗುವನು.

ರಂಗಸಜ್ಜಿಕೆಯು ಹುಬ್ಬಳ್ಳಿಗೆ ಹೊಸ ವಿದ್ಯೆಯಲ್ಲ. ಕೇಶವರಾವ ಭೋಸಲೆಯವರು ‘ಲಲಿತಕಲಾದರ್ಶ’ ನಾಟಕ ಮಂಡಳಿಯನ್ನು 1908ರಲ್ಲಿ ಸ್ಥಾಪಿಸಿದ್ದು ಈ ಊರಿನಲ್ಲಿಯೇ. ಆ ಕಾಲದ ನಾಟಕಗಳಿಗೆ ಮನೆ, ಅರಮನೆ, ಅರಣ್ಯಗಳೆಲ್ಲ ಪರದೆಯ ಮೇಲಿನ ಬಣ್ಣದಲ್ಲಿದ್ದವು. ಕೊಲ್ಲಾಪುರದ ಆನಂದರಾವ ಮತ್ತು ಬಾಬೂರಾವ ಪೇಂಟರರು ಇಂಥ ಪರದೆಗಳನ್ನು ಬರೆದು ಹೆಸರಾದವರು. ಮುಂದೆ ಬಾಬೂರಾವ ಪೇಂಟರರು ಚಿತ್ರಪಟಕ್ಕೆ ಕೈಹಚ್ಚಿ, 1920ರ ‘ಸೈರಂಧ್ರಿ’ಯಿಂದ ಖ್ಯಾತಿ ಪಡೆದರು, ಬರೆದ ಪರದೆಗಳ ಬದಲು ನಟರು ಒಳಗೆ ಹೊಕ್ಕು ಹೊರಡಬಹುದಾದ ಗಟ್ಟಿ ಕಟ್ಟಡಗಳನ್ನು ನಿಲ್ಲಿಸಿದ ಕೀರ್ತಿಯು ಅವರಿಗೆ ಸಲ್ಲುತ್ತದೆ.

ಈ ವ್ಯತ್ಯಾಸವು ಸಣ್ಣದಲ್ಲ. ಪರದೆಯ ಮೇಲೆ ನೂರು ಕಂಬದ ಅರಮನೆಯನ್ನು ಬರೆದರೂ ಯಾವ ರಾಜನೂ ಅದರ ಬಾಗಿಲೊಳಗೆ ಹೋಗಬೇಕಾಗಿಲ್ಲ. ಕಟ್ಟಿ ನಿಲ್ಲಿಸಿದ ಮನೆಯ ಮಾತು ಹಾಗಲ್ಲ. ಬಾಗಿಲಲ್ಲಿ ತಲೆ ಹಾಯಬೇಕು, ಮೆಟ್ಟಿಲಿಗೆ ಕಾಲು ಸಿಗಬೇಕು, ಗೂಡಿಗೆ ಕೈ ಮುಟ್ಟಬೇಕು. ಆದುದರಿಂದ ಮರ ಕೊಯ್ಯುವ ಮೊದಲೇ ಚಿಕ್ಕದೊಂದು ಮಾದರಿಯನ್ನು ಮಾಡಿ, ಅದರ ಪಕ್ಕದಲ್ಲಿ ಮನುಷ್ಯನ ಗೊಂಬೆಯೊಂದನ್ನು ನಿಲ್ಲಿಸಿ ನೋಡುವದು ಈ ವಿದ್ಯೆಯ ಪದ್ಧತಿ. ಗೊಂಬೆಯಿಲ್ಲದ ಮಾದರಿಯು ಮನೆಯೂ ಆಗಬಹುದು, ಪೆಟ್ಟಿಗೆಯೂ ಆಗಬಹುದು.

ಹುಡುಗಿಯು ತನ್ನ ದೃಶ್ಯಕ್ಕೆ ಆರಿಸಿಕೊಂಡದ್ದು ತಾನು ಎಂದೂ ಕಾಣದ ಮನೆಯನ್ನು. ಘಟಪ್ರಭೆಯ ದಂಡೆಯ ಮೇಲಿದ್ದ ಆ ಮನೆಗೆ ಅವಳ ಅಜ್ಜಿಯು ಹದಿನಾರನೆಯ ವರ್ಷಕ್ಕೆ ಸೊಸೆಯಾಗಿ ಬಂದವಳು. ಕೃಷ್ಣೆಗೆ ಅಡ್ಡವಾಗಿ ಆಲಮಟ್ಟಿಯಲ್ಲಿ ಕಟ್ಟುವ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿತ್ತು. ಮುಂದೆ ಹಲವು ವರ್ಷಗಳಿಗೆ ಜಲಾಶಯವು 519.6 ಮೀಟರ ಮಟ್ಟಕ್ಕೆ ತುಂಬಿದಾಗ ಹಿನ್ನೀರು ಘಟಪ್ರಭೆಯಲ್ಲಿಯೂ ಏರಿತು. ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳ ಸಂಗಡ ನದೀತೀರದ ಅನೇಕ ಹಳ್ಳಿಗಳೂ ಮುಳುಗಿದವು. ಆ ಮನೆಯು ನೀರಿನ ಕೆಳಗಾದದ್ದು ಹುಡುಗಿಯು ಹುಟ್ಟುವ ಮೊದಲೇ.

ಉಳಿದದ್ದೆಂದರೆ ಒಂದು ಕಾಗದ. ಪರಿಹಾರವನ್ನು ಗೊತ್ತುಪಡಿಸುವದಕ್ಕಾಗಿ ಮನೆಯನ್ನು ಅಳೆದು ಬರೆದ ಪಂಚನಾಮೆಯ ನಕಲು ತಂದೆಯ ಟ್ರಂಕಿನಲ್ಲಿತ್ತು: ಉದ್ದ 42 ಅಡಿ, ಅಗಲ 24 ಅಡಿ, ಮಣ್ಣಿನ ಮಾಳಿಗೆ, ಸಾಗವಾನಿಯ ಕಂಬ 8, ಬಾಗಿಲು 3, ಬೆಳಕಿಂಡಿ 2. ಈ ಲೆಕ್ಕವು ಹುಡುಗಿಗೆ ಸಾಕೆನಿಸಿತು. ಕೊಪ್ಪೀಕರ ರಸ್ತೆಯ ಅಂಗಡಿಗಳಿಂದ ಸನ್‌ಬೋರ್ಡು, ಕಟರು, ಫೆವಿಕಾಲು, ಕಡ್ಡಿಗಳ ಕಟ್ಟು ಬಂದವು. 51 ಸೆಂಟಿಮೀಟರು ಉದ್ದ, 29 ಸೆಂಟಿಮೀಟರು ಅಗಲದ ಹಲಗೆಯ ಮೇಲೆ ಗೋಡೆಗಳು ಎದ್ದವು. ಗೋಡೆಗೆ ಜರಡಿ ಹಿಡಿದ ಮಣ್ಣನ್ನು ಅಂಟಿನಲ್ಲಿ ಕಲಸಿ ಮೆತ್ತಿದ್ದಾಯಿತು. ಕಂಬಗಳ ಮೇಲೆ ತೊಲೆ, ತೊಲೆಯ ಮೇಲೆ ಜಂತಿ. ತೊಲೆಬಾಗಿಲಿನ ಒಳಗೆ ದನ ಕಟ್ಟುವ ತಗ್ಗಿನ ಅಂಕಣ, ಅದರಲ್ಲಿ ಗೋದಲಿ. ಅದರಾಚೆಗೆ ಎತ್ತರದ ಪಡಸಾಲೆ. ಪಡಸಾಲೆಯ ಗೋಡೆಯಲ್ಲಿ ದೀಪದ ಗೂಡೊಂದನ್ನು ಕೊರೆದು, ಅದನ್ನು ನೆಲದಿಂದ 6 ಸೆಂಟಿಮೀಟರು ಎತ್ತರದಲ್ಲಿ, ಅಂದರೆ ನಿಜದಲ್ಲಿ ಒಂದೂವರೆ ಮೀಟರಿನಲ್ಲಿ ಇಟ್ಟಳು.

ಗೊಂಬೆಗಳಿಗಾಗಿ ತಂತಿಯ ಎಲುಬನ್ನು ಕಟ್ಟಿ, ಕೊಪ್ಪಳ ಸೀಮೆಯ ಕಿನ್ನಾಳದ ಚಿತ್ರಗಾರರ ಪದ್ಧತಿಯನ್ನು ಅನುಸರಿಸಿದಳು. ಸೆಣಬಿನ ಚಿಂದಿಯನ್ನು ನೆನೆಯಿಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟನ್ನೂ ಹುಣಸೆಬೀಜದ ಅಂಟನ್ನೂ ಕೂಡಿಸಿದರೆ ‘ಕಿಟ್ಟ’ವೆಂಬ ಹದವಾದ ಮುದ್ದೆಯು ದೊರೆಯುವದು; ಹಗುರವಾದರೂ ಒಣಗಿದ ಮೇಲೆ ಗಟ್ಟಿ. ಹುಣಸೆಬೀಜವನ್ನು ಹುರಿದು ಬೀಸುವ ಕೆಲಸವು ಅಜ್ಜಿಯ ಪಾಲಿಗೆ ಬಂದಿತು. ಎರಡೂ ಗೊಂಬೆಗಳು ಹೆಂಗಸರವು: ಒಬ್ಬಳು ಹೊಸದಾಗಿ ಬಂದ ಸೊಸೆ, ಇನ್ನೊಬ್ಬಳು ಆಕೆಯ ಅತ್ತೆ, ಅಂದರೆ ಹುಡುಗಿಯ ಅಜ್ಜಿ ಮತ್ತು ಮುತ್ತಜ್ಜಿ. ಎರಡನ್ನೂ ಒಂದೇ ಎತ್ತರಕ್ಕೆ, ಸೆಟೆದು ನಿಂತಂತೆ ಮಾಡಿದಳು.

ಮಣ್ಣೆತ್ತಿನ ಅಮಾವಾಸ್ಯೆಯ ದಿವಸ ಅಜ್ಜಿಯು ಎಲ್ಲಿಂದಲೋ ಎರೆಮಣ್ಣು ತರಿಸಿ ಒಂದು ಜೋಡಿ ಎತ್ತುಗಳನ್ನು ತಟ್ಟಿದಳು. ಮಾದರಿಯ ಗೋದಲಿಯಲ್ಲಿ ಅವನ್ನು ಕಟ್ಟಬೇಕೆಂಬದು ಆಕೆಯ ಆಸೆ. ಎತ್ತುಗಳು ತೊಲೆಬಾಗಿಲಲ್ಲಿಯೇ ಹಿಡಿಸಲಿಲ್ಲ. ಹುಡುಗಿಯು ನಕ್ಕು ಅವನ್ನು ಹಲಗೆಯ ಅಂಚಿಗೆ, ಮನೆಯ ಹೊರಗೆ ನಿಲ್ಲಿಸಿದಳು. ಆಗಲೇ ಅಜ್ಜಿಯು ಮಾದರಿಯನ್ನು ಹತ್ತಿರದಿಂದ ನೋಡಿದ್ದು.

‘ಮನಿ ನಮ್ದ ಐತಿ,’ ಎಂದಳು. ‘ಆದ್ರ ಗೂಡು ನಮ್ದಲ್ಲ, ತಂಗಿ. ಅಷ್ಟು ಕೆಳಗಿದ್ರ ಕರ ಬಂದು ಎಣ್ಣಿ ನೆಕ್ಕಿ ಹೋಗತಿತ್ತು.’

‘ಹಂಗಾದ್ರ ಎಷ್ಟು ಎತ್ತರಿತ್ತು, ಆಯಿ?’

‘ಕೈ ಎತ್ತಿದ್ರ ನನ್ನ ಬೆರಳ ತುದಿ ಅದರ ಅಂಚಿಗೆ ಮುಟ್ಟತಿತ್ತು. ಪಣತಿ ಇಡಾಕ ನಾ ಒರಳಕಲ್ಲು ಹತ್ತತಿದ್ದೆ. ನಮ್ಮತ್ತೀಗೆ ಅದೇನೂ ಬೇಕಾಗಿದ್ದಿಲ್ಲ. ನಿಂತಲ್ಲೇ ನಿಂತು, ಅಂಗೈಯಷ್ಟೂ ಒಳಗ ಹಾಕಿ ದೀಪ ಇಡತಿದ್ಲು.’

ಪಂಚನಾಮೆಯಲ್ಲಿ ಗೂಡಿನ ಎತ್ತರವಿರಲಿಲ್ಲ. ಬೆಲೆ ಕಟ್ಟುವದಕ್ಕೆ ಅದರ ಅವಶ್ಯಕತೆಯೂ ಇರಲಿಲ್ಲ. ಆದರೆ ಗೊಂಬೆಯ ಕೈಗೆ ಅದು ಬೇಕಾಗಿತ್ತು. ಹುಡುಗಿಯು ಟೇಪು ತೆಗೆದುಕೊಂಡು ಅಜ್ಜಿಯನ್ನು ಅಳೆಯಲು ಹೋದರೆ ಅಲ್ಲಿಯೂ ಒಂದು ತೊಡಕು. ಎಪ್ಪತ್ತೈದು ವರ್ಷದ ಮುದುಕಿಯ ಬೆನ್ನು ಬಾಗಿತ್ತು. ಹರೆಯದ ಎತ್ತರವು ಆ ಬೆನ್ನಿನಲ್ಲಿ ಉಳಿದಿರಲಿಲ್ಲ. ಬೆನ್ನು ಬಾಗಿದವರ ಮೊದಲಿನ ಎತ್ತರವನ್ನು ತಿಳಿಯಬೇಕಾದಾಗ ವೈದ್ಯರು ಚಾಚಿದ ಎರಡು ಕೈಗಳ ಅಳತೆಯನ್ನು ನೋಡುತ್ತಾರೆ. ತೋಳಿನ ಎಲುಬುಗಳು ಬೆನ್ನಿನಂತೆ ಕುಗ್ಗುವದಿಲ್ಲ. ನಮ್ಮ ಹಿರಿಯರು ಇದನ್ನೇ ಮಾರು ಎಂದರು. ಬಾವಿಯ ಹಗ್ಗವನ್ನು ಅಳೆದ ಅಳತೆಯೇ ಆಳಿನ ಎತ್ತರವನ್ನೂ ಹೇಳುವದೆಂಬದು ಅವರಿಗೆ ತಿಳಿಯದ ಸಂಗತಿಯಲ್ಲ. ಅಜ್ಜಿಯು ಗೋಡೆಗೆ ಒರಗಿ ಕೈ ಚಾಚಿದಳು. ಬೆರಳ ತುದಿಯಿಂದ ಬೆರಳ ತುದಿಗೆ 148 ಸೆಂಟಿಮೀಟರು.

ಮೇಲೆತ್ತಿದ ಕೈಯ ತುದಿಯು ಎತ್ತರದ ಸುಮಾರು ಒಂದೂಕಾಲು ಪಟ್ಟು ಇರುವದೆಂಬದನ್ನು ಹುಡುಗಿಯು ತನ್ನ ಮೇಲೆಯೂ ಗೆಳತಿಯರ ಮೇಲೆಯೂ ಅಳೆದು ಕಂಡುಕೊಂಡಳು. ಹಾಗಾದರೆ ಗೂಡಿನ ಅಂಚು ನೆಲದಿಂದ 185 ಸೆಂಟಿಮೀಟರಿನಲ್ಲಿದ್ದಿರಬೇಕು; ಮಾದರಿಯಲ್ಲಿ 7.4. ಇಟ್ಟ ಗೂಡನ್ನು ಮುಚ್ಚಿ ಹೊಸದನ್ನು ಕೊರೆದಳು. ಮುತ್ತಜ್ಜಿಯ ಕೈಯು ಅದಕ್ಕಿಂತಲೂ ಒಂದು ಅಂಗೈ ಮೇಲಕ್ಕೆ, ಎಂದರೆ 18 ಸೆಂಟಿಮೀಟರು ಹೆಚ್ಚಿಗೆ ಹೋಗುತ್ತಿತ್ತು. ಅದರಿಂದ ತಿರುಗಿ ಲೆಕ್ಕ ಹಾಕಿದಾಗ ಆಕೆಯ ಎತ್ತರವು 162ರ ಆಸುಪಾಸಿಗೆ ಬಂದಿತು. ಮಾದರಿಯಲ್ಲಿ ಸೊಸೆಯ ಗೊಂಬೆ 5.9, ಅತ್ತೆಯ ಗೊಂಬೆ 6.5. ನಡುವಿನ ಅಂತರವು ದೊಡ್ಡದೊಂದು ಜೋಳದ ಕಾಳಿನಷ್ಟು.

ಈ ಕಾಳಿನಷ್ಟು ಅಂತರದ ಮಹತ್ವವನ್ನು ವಾಚಕರಿಗೆ ತಿಳಿಸುವದು ಅವಶ್ಯ. ಮುತ್ತಜ್ಜಿಯ ಒಂದು ಭಾವಚಿತ್ರವೂ ಆ ಮನೆತನದಲ್ಲಿಲ್ಲ. ಆಕೆಯ ಸೀರೆಗಳು ಹರಿದು ಕೌದಿಗಳಾದವು, ಕೌದಿಗಳೂ ಹರಿದವು. ಆಕೆ ಕುಳಿತ ಕಟ್ಟೆ, ಬೀಸಿದ ಕಲ್ಲು, ಹೂಳಿದ ಹೊಲ ಎಲ್ಲವೂ ನೀರಿನಲ್ಲಿವೆ. ಮಗನ ಮಗನಿಗೆ ನೆನಪಿರುವದು ಒಂದು ದನಿ ಮಾತ್ರ. ಇಂಥ ಮನುಷ್ಯಳ ಎತ್ತರವು ಒಂದು ಗೂಡಿನ ಅಂಚಿನ ಮೇಲೆ ಅಷ್ಟು ವರ್ಷ ಉಳಿದಿತ್ತು. ಗೂಡು ಹೋದ ಮೇಲೆ ಸೊಸೆಯ ಬೆರಳ ತುದಿಯಲ್ಲಿ ಉಳಿಯಿತು. ಅಲ್ಲಿಂದ ಅದನ್ನು ಇಳಿಸಿಕೊಳ್ಳುವದಕ್ಕೆ ಇನ್ನು ಬಹಳ ವರ್ಷಗಳ ಅವಕಾಶವಿರಲಿಲ್ಲ.

ಹೊಸ ಗೊಂಬೆಯು ಒಣಗಿದ ಮೇಲೆ ಹುಡುಗಿಯು ಅದನ್ನು ಪಡಸಾಲೆಯಲ್ಲಿ ನಿಲ್ಲಿಸಿ ಅಜ್ಜಿಗೆ ತೋರಿಸಿದಳು. ಅಜ್ಜಿಯು ಬಹಳ ಹೊತ್ತು ನೋಡಿದಳು.

‘ಎತ್ತರ ಖರೆ ಐತಿ,’ ಎಂದಳು. ‘ಆದ್ರ ಆಕಿ ಹೀಂಗ ಸೆಟದು ನಿಲ್ಲತಿದ್ದಿಲ್ಲ. ನಮ್ಮ ತೊಲಿಬಾಗಿಲ ನನ್ನ ಹುಬ್ಬಿಗೇ ಬಡೀತಿತ್ತು. ಆಕೀಗೆ ಇನ್ನೂ ಬಗ್ಗಬೇಕು. ಬಗ್ಗಿ ಬಗ್ಗಿ ಅದ ರೂಢಿ ಆಗಿತ್ತು. ಹೊಲದಾಗ, ಬಯಲಾಗ ನಡೆಯೂ ಮುಂದನೂ ಕುತಿಗಿ ಬಗ್ಗಿಸೇ ನಡೀತಿದ್ಲು.’

ಹುಬ್ಬಿನ ಎತ್ತರದ ಲೆಕ್ಕದಿಂದ ಬಾಗಿಲು 137 ಸೆಂಟಿಮೀಟರು. ಹುಡುಗಿಯು ಬಾಗಿಲ ಮೇಲಿನ ಅಡ್ಡಪಟ್ಟಿಯನ್ನು ಆ ಅಳತೆಗೆ ಇಳಿಸಿದಳು. ಗೊಂಬೆಯ ಕುತ್ತಿಗೆಯ ಕಿಟ್ಟವನ್ನು ಕೆರೆದು ತೆಗೆದು, ಒಳಗಿನ ತಂತಿಯನ್ನು ಚಿಮುಟದಿಂದ ತುಸುವೇ ಮುಂದಕ್ಕೆ ಬಗ್ಗಿಸಿ, ಮತ್ತೆ ಮೆತ್ತಿದಳು. ಮುಖಕ್ಕೆ ಕಣ್ಣು ಮೂಗು ಬರೆದಿರಲಿಲ್ಲ. ಅಷ್ಟು ಸಣ್ಣ ಮುಖದಲ್ಲಿ ಬರೆಯುವದಕ್ಕೆ ಸ್ಥಳವೂ ಇರಲಿಲ್ಲ. ಮರಳಿ ಅದನ್ನು ಗೂಡಿನ ಕೆಳಗೆ ನಿಲ್ಲಿಸಿದಾಗ ಅಜ್ಜಿಯು ಮಾತಾಡಲಿಲ್ಲ. ಹೆಗಲಿಗೆ ಜಾರಿದ್ದ ಸೆರಗನ್ನು ಎಳೆದು ತಲೆಯ ಮೇಲೆ ಹೊದ್ದುಕೊಂಡಳು. ಹಿರಿಯರ ಎದುರಿಗೆ ಬಂದಾಗ ಸೊಸೆಯಂದಿರು ಮಾಡುವದು ಹಾಗೆಯೇ.

ಪರೀಕ್ಷೆಯ ದಿವಸ ಮಾದರಿಗಳನ್ನು ಸಾಲಾಗಿ ಇಟ್ಟಿದ್ದರು. ದೀಪದ ಗೂಡು ಹೆಚ್ಚು ಎತ್ತರವಾಯಿತಲ್ಲವೇ ಎಂದು ಪರೀಕ್ಷಕರು ಕೇಳಿದರು. ಹುಡುಗಿಯು ಉತ್ತರವಾಗಿ ಅತ್ತೆಯ ಗೊಂಬೆಯ ಕೈಯನ್ನು ಮೇಲಕ್ಕೆ ತಿರುಗಿಸಿ ಅಂಗೈಯನ್ನು ಗೂಡಿನೊಳಗೆ ಇಟ್ಟಳು. ಬಳಿಕ ಸೊಸೆಯ ಗೊಂಬೆಯನ್ನು ಅಲ್ಲಿಯೇ ನಿಲ್ಲಿಸಿ, ಅದರ ಬೆರಳ ತುದಿಯು ಅಂಚಿಗೆ ಮಾತ್ರ ಮುಟ್ಟುವದನ್ನು ತೋರಿಸಿದಳು. ಅವರು ತಲೆದೂಗಿ, ತಮ್ಮ ಕಾಗದದಲ್ಲಿ ಏನೋ ಬರೆದುಕೊಂಡು ಮುಂದಿನ ಮಾದರಿಗೆ ಹೋದರು.

ಪರೀಕ್ಷೆ ಮುಗಿದ ಮಾದರಿಗಳ ಗತಿಯು ಎಲ್ಲ ಕಡೆಗೂ ಒಂದೇ. ಶಾಲೆಯಲ್ಲಿ ಇಡಲು ಸ್ಥಳವಿಲ್ಲ, ಬಾಡಿಗೆಯ ಕೋಣೆಯಲ್ಲಿಯಂತೂ ಇಲ್ಲ. ಹುಡುಗಿಯು ಅದನ್ನು ಆಟೋದಲ್ಲಿ ಮನೆಗೆ ತಂದಾಗ ಗಣೇಶ ಚತುರ್ಥಿಯು ಸಮೀಪಿಸಿತ್ತು. ಉಣಕಲ್ಲ ಕೆರೆಯು ವಿದ್ಯಾನಗರಕ್ಕೆ ದೂರವಲ್ಲ. ಮಣ್ಣಿನಿಂದ ಮಾಡಿದ್ದು ನೀರಿಗೆ ಸೇರುವದು ನಮ್ಮ ಸೀಮೆಯ ಸಂಪ್ರದಾಯವಷ್ಟೇ. ಮಣ್ಣೆತ್ತುಗಳನ್ನೂ ಈ ಮಣ್ಣಿನ ಮನೆಯನ್ನೂ ಒಟ್ಟಿಗೆ ನೀರಿಗೆ ಬಿಟ್ಟುಬಿಡೋಣವೇ ಎಂದು ಅವಳು ಕೇಳಿದಳು.

‘ಎತ್ತು ಬಿಡು,’ ಎಂದಳು ಅಜ್ಜಿ. ‘ಮನಿ ಬ್ಯಾಡ. ಅದು ಒಮ್ಮೆ ಹೋಗೇತಿ.’

ಎತ್ತುಗಳು ಕೆರೆಗೆ ಹೋದವು. ಮನೆಯು ಕಪಾಟಿನ ಮೇಲೆ, ಹಳೆಯ ಧೋತರದ ತುಂಡಿನ ಕೆಳಗೆ ಕುಳಿತಿತು. ದೀಪಾವಳಿಗೆ ನವನಗರಕ್ಕೆ ಹೋದಾಗ ಹುಡುಗಿಯು ಟ್ರಂಕಿನಿಂದ ಪಂಚನಾಮೆಯ ನಕಲನ್ನು ತೆಗೆದು, ಉದ್ದ ಅಗಲ ಕಂಬ ಬಾಗಿಲುಗಳ ಲೆಕ್ಕದ ಕೆಳಗೆ ತನ್ನ ಕೈಯಿಂದ ಮೂರು ಸಾಲು ಸೇರಿಸಿದಳು: ತೊಲೆಬಾಗಿಲು, ಎತ್ತರ 137 ಸೆಂಟಿಮೀಟರು. ದೀಪದ ಗೂಡು, ನೆಲದಿಂದ 185. ಮುತ್ತಜ್ಜಿ, 162.