ಅಳಿಸುವ ಮುನ್ನ ಓದು

ಕೂಡ್ಲಿಗಿ ಸೀಮೆಯ ಒಂದು ಹಳ್ಳಿ. ಡಿಪ್ಲೊಮಾ ಕೊನೆಯ ವರ್ಷದ ಹುಡುಗನೊಬ್ಬ, ಹೊಲದ ಬೋರ್‌ವೆಲ್ಲಿಗೆ ಕರೆಂಟು ಯಾವಾಗ ಬಂತು, ಎಷ್ಟು ಹೊತ್ತು ಇತ್ತು ಎಂದು ಬರೆದಿಡುವ ಪುಟ್ಟ ಕಂಪ್ಯೂಟರ್ ಬೋರ್ಡನ್ನು ಪ್ರಾಜೆಕ್ಟಿಗಾಗಿ ಸಿದ್ಧಪಡಿಸಿದ್ದ. ಬ್ಯಾಟರಿಯಿಂದ ನಡೆಯುತ್ತಿದ್ದ ಅದರ ಫ್ಲ್ಯಾಶ್ ಮೆಮೊರಿಯಲ್ಲಿ ಮೂರು ತಿಂಗಳ ಲೆಕ್ಕವಿತ್ತು. ಪರೀಕ್ಷೆಗೆ ವಾರವಿದ್ದಾಗ ಅದರ ಲಿನಕ್ಸ್ ಕರ್ನೆಲನ್ನು, ಅಂದರೆ ಯಂತ್ರದ ಅಂಗಾಂಗಗಳನ್ನೆಲ್ಲ ನಡೆಸುವ ಮೂಲ ತಂತ್ರಾಂಶವನ್ನು, ಬದಲಾಯಿಸಿ ಹೊಸತನ್ನು ಹಾಕಿದ. ಬೋರ್ಡು ಮತ್ತೆ ಏಳಲೇ ಇಲ್ಲ.

ಹಗರಿಬೊಮ್ಮನಹಳ್ಳಿಯ ರಿಪೇರಿ ಅಂಗಡಿಯಲ್ಲಿ ಒಂದೇ ಮಾತು: "ಫ್ಲ್ಯಾಶ್ ಸತ್ತೈತಿ, ಹೊಸಾದು ತಗೋರಿ." ಕೊಟ್ಟೂರಿನಲ್ಲಿ ಶೇಂಗಾ ಮಾರಿದ ಹಣ ಬೀಜಕ್ಕೆಂದು ಮನೆಯಲ್ಲಿತ್ತು. ಅಪ್ಪ ಅದನ್ನೇ ತೆಗೆದ. ಹುಡುಗನ ಮುಖ ಬಾಡಿತು. "ಎಲ್ಲಾ ಅಳಿಸಿ ಮೊದಲಿಂದ ತುಂಬಿಬಿಡ್ತೀನಿ ಅಪ್ಪಾ" ಎಂದ.

ಹರಪನಹಳ್ಳಿಯ ಹಿರಿಯ ವಿದ್ಯಾರ್ಥಿಯೊಬ್ಬ ಫೋನಿನಲ್ಲೇ ತಡೆದ: "ಅಳಿಸಬ್ಯಾಡ, ಮೊದಲು ಓದು." ಫ್ಲ್ಯಾಶ್ ಕರೆಂಟಿಲ್ಲದೆಯೂ ವಿದ್ಯುದಂಶವನ್ನು ಹಿಡಿದಿಡುತ್ತದೆ. ಆದರೆ ಅಳಿಸುವಾಗ ಒಂದೊಂದು ಅಕ್ಷರವಲ್ಲ, ಇಡೀ ಬ್ಲಾಕೇ ಹೋಗುತ್ತದೆ. ಹೋದದ್ದು ಮರಳಿ ಬಾರದು.

ನಾಸಾದ ಸ್ಪಿರಿಟ್ ವಾಹನಕ್ಕೂ ಹೀಗೆ ಆಗಿತ್ತು. 2004ರ ಜನವರಿಯಲ್ಲಿ ಮಂಗಳಕ್ಕಿಳಿದ ಕೆಲವೇ ದಿನಗಳಲ್ಲಿ ಅದು ಮತ್ತೆ ಮತ್ತೆ ತಾನೇ ನಿಂತು ಹೊಸದಾಗಿ ಶುರುವಾಗತೊಡಗಿತು. ಫ್ಲ್ಯಾಶಿನಲ್ಲಿ ಕಡತಗಳು ವಿಪರೀತ ಬೆಳೆದು, ಅವುಗಳ ಪಟ್ಟಿಯನ್ನು ಹಿಡಿದಿಡಲು ರ್‍ಯಾಮ್ ಸಾಲದಾಗಿತ್ತು. ಎಂಜಿನಿಯರುಗಳು ಮೊದಲು ಫ್ಲ್ಯಾಶನ್ನು ಮುಟ್ಟದೆಯೇ ವಾಹನವನ್ನು ಎಬ್ಬಿಸಿದರು, ಕಾರಣ ಹುಡುಕಿದರು. ಫ್ಲ್ಯಾಶನ್ನು ಪೂರ್ತಿ ಅಳಿಸಿ ಅಣಿಗೊಳಿಸಿದ್ದು ಕೊನೆಗೆ, ಫೆಬ್ರುವರಿಯಲ್ಲಿ. ಸುಮಾರು 90 ದಿನಕ್ಕೆಂದು ಕಳಿಸಿದ ವಾಹನ 2010ರ ಮಾರ್ಚ್‌ವರೆಗೆ ಸುದ್ದಿ ಕಳಿಸುತ್ತಿತ್ತು.

ಹುಡುಗ ಸೀರಿಯಲ್ ಕೇಬಲ್ ಜೋಡಿಸಿ, ಬೋರ್ಡು ಏಳುವಾಗ ಹೇಳುವ ಮಾತುಗಳನ್ನು ಸಾಲುಸಾಲಾಗಿ ನೋಟುಬುಕ್ಕಿಗೆ ಇಳಿಸಿಕೊಂಡ. ಹೊಸ ಕರ್ನೆಲ್ ಫ್ಲ್ಯಾಶ್ ಚಿಪ್ಪನ್ನು ಸರಿಯಾಗಿಯೇ ಗುರುತಿಸಿತ್ತು. ಮುಂದೆ ಫೈಲುಗಳ ಭಾಗ ಸಿಗದೆ ನಿಂತಿತ್ತು. ಹಳೆಯ ಸಾಲುಗಳೊಂದಿಗೆ ಹೋಲಿಸಿದಾಗ ಗುಟ್ಟು ಹೊರಬಿತ್ತು: ಯಾವ ಭಾಗ ಎಲ್ಲಿಂದ ಎಲ್ಲಿಯವರೆಗೆ ಎಂಬ ಪಟ್ಟಿ ಎರಡು ಕರ್ನೆಲುಗಳಲ್ಲಿ ಬೇರೆಬೇರೆಯಾಗಿತ್ತು.

ವಿವರ ಕೇಳಿದ ಅಪ್ಪ ನಕ್ಕ: "ಗೋದಾಮಿನ್ಯಾಗ ಚೀಲ ಇದ್ದಲ್ಲೇ ಅದಾವ. ಹೊಸ ಗುಮಾಸ್ತನ ಕೈಯಾಗಿನ ಚೀಟಿ ತಪ್ಪೈತಿ, ಹೌದಲ್ಲೋ?"

ಹೌದು, ಅಷ್ಟೇ. ಹಳೆಯ ಕರ್ನೆಲನ್ನು ಮರಳಿ ಹಾಕಿದ. ಮೂರು ತಿಂಗಳ ಲೆಕ್ಕ ಒಂದಕ್ಷರವೂ ಕೆಡದೆ ತೆರೆದುಕೊಂಡಿತು. ಅದರ ಪ್ರತಿ ತೆಗೆದಿಟ್ಟುಕೊಂಡ ಮೇಲೆಯೇ ಹುಡುಗ ಹೊಸ ಕರ್ನೆಲಿನ ಪಟ್ಟಿಯನ್ನು ತಿದ್ದಲು ಕೂತ. ಬೀಜದ ಹಣ ಪೆಟ್ಟಿಗೆಗೆ ಮರಳಿತು. ಪ್ರಾಜೆಕ್ಟ್ ವರದಿಯಲ್ಲಿ ಅವನು ಹೆಚ್ಚು ಪುಟ ಕೊಟ್ಟದ್ದು ಬೋರ್ಡು ಕೆಟ್ಟ ಆ ಮೂರು ದಿನಗಳಿಗೆ.