ಮಳೆ ಬಡಿಯುವ ಗೋಡೆ

ಬಗದಲ್‌ನಲ್ಲಿ ನಮ್ಮದು ಅಜ್ಜ ಕಟ್ಟಿದ ಮನೆ. ಕೆಂಪು ಕಲ್ಲು, ನಡುವೆ ಮಣ್ಣಿನ ಕೆಸರು. ಬೀದರ್ ಸೀಮೆಯ ಈ ಕಲ್ಲು ನೆಲದಿಂದ ತೆಗೆಯುವಾಗ ಮೆತ್ತಗಿರುತ್ತದೆ, ಗಾಳಿಗೆ ಗಟ್ಟಿಯಾಗುತ್ತದೆ. ಆದರೆ ಮೈತುಂಬ ತೂತು, ನೀರು ಕುಡಿಯುತ್ತದೆ. ಹೋದ ಮಳೆಗಾಲದಲ್ಲಿ ಪಡುವಣ ಗೋಡೆಯ ಸಂದಿನ ಮಣ್ಣು ತೊಳೆದುಹೋಯಿತು. ಒಂದು ರಾತ್ರಿ ಹೊರಗಡೆಯಿಂದ ಎರಡು ಕಲ್ಲು ಕಳಚಿ ಬಿದ್ದವು. ಒಳಗೆ ಅದೇ ಗೋಡೆಯ ಪಕ್ಕ ಮಗಳು ಮಲಗಿದ್ದಳು. ಮರುದಿನದಿಂದ ಅವಳ ಹಾಸಿಗೆ ಅಡುಗೆಮನೆಗೆ ಹೋಯಿತು.

ಏಪ್ರಿಲ್‌ನಲ್ಲಿ ಗೌಂಡಿಯನ್ನು ಕರೆಸಿದೆ. ವಯಸ್ಸಾದವರು. ಗೋಡೆ ತಟ್ಟಿ ನೋಡಿದರು.

"ತಮ್ಮಾ, ಇದು ಮಣ್ಣಿನ ಗ್ವಾಡಿ ಅದ. ಬರೇ ಸಿಮೆಂಟ್ ಹಿಡಿಯಂಗಿಲ್ಲ. ಮೊದಲ ಸಂದಿ ಕೆದರಬೇಕು, ನೀರು ಕುಡಿಸಬೇಕು."

ಕೂಲಿ ಏರಿಸಲು ಹೀಗೆ ಹೇಳುತ್ತಾರೆ ಅಂದುಕೊಂಡೆ. ನಾನು ಟೇಲರ್. ಅಳತೆ ಗೊತ್ತು, ಕೈ ನಡುಗುವುದಿಲ್ಲ. ಮೊಬೈಲಿನಲ್ಲಿ ನಾಲ್ಕು ವಿಡಿಯೋ ನೋಡಿದ್ದೆ. ಗಿಲಾವು ನಾನೇ ಮಾಡುತ್ತೇನೆ ಎಂದೆ. ಹೆಂಡತಿ ಬೇಡವೆಂದಳು. ಕೇಳಲಿಲ್ಲ.

ಬಿದಿರು ಕಟ್ಟಿ ಹಲಗೆ ಹಾಕಿದೆ. ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಉಸುಕು. ಸಂದಿ ಕೆದರಲಿಲ್ಲ. ಗೋಡೆಗೆ ನೀರೂ ಹೊಡೆಯಲಿಲ್ಲ. ಬೇಸಿಗೆ, ಊರಲ್ಲಿ ಕುಡಿಯುವ ನೀರಿಗೇ ಕಷ್ಟ. ಎರಡನೇ ದಿನ ಬೆರಳ ಸಂದಿಯಲ್ಲಿ ಹುಣ್ಣಾಯಿತು. ಸಿಮೆಂಟ್ ಚರ್ಮ ಸುಡುತ್ತದೆಂದು ಆಗ ತಿಳಿಯಿತು. ಮೂರನೇ ದಿನ ಗಿಲಾವು ತಟ್ಟಿದರೆ ಟೊಳ್ಳು ಸದ್ದು. ಒಣ ಕಲ್ಲು ಅದರ ನೀರನ್ನೆಲ್ಲ ಹೀರಿತ್ತು. ಸದ್ದು ಕೇಳಿಸಿತು, ಆದರೂ ಕೆಲಸ ಮುಂದುವರಿಸಿದೆ.

ನಾಲ್ಕನೇ ದಿನ ಮಧ್ಯಾಹ್ನ ಮೇಲಿನ ಭಾಗ ಹಪ್ಪಳದ ಹಾಗೆ ಎದ್ದು ಬಂತು. ತಡೆಯಲು ಎರಡೂ ಕೈ ಒತ್ತಿದೆ. ಹಲಗೆ ಜಾರಿತು. ಒಂಬತ್ತು ಅಡಿ ಕೆಳಗೆ ಬಿದ್ದೆ. ಉಸುಕಿನ ಗುಡ್ಡೆ ಇತ್ತು, ತಲೆ ಉಳಿಯಿತು. ಬಲಗೈ ಮಣಿಕಟ್ಟು ಮುರಿಯಿತು. ನೋವಿಗಿಂತ ಮೊದಲು ಕತ್ತರಿ ನೆನಪಾಯಿತು. ಆ ಕೈಯಲ್ಲೇ ಬಟ್ಟೆ ಕತ್ತರಿಸುತ್ತಿದ್ದೆ.

ಪಕ್ಕದ ಮನೆಯವರು ಆಟೋ ತಂದರು. ಬೀದರ್‌ವರೆಗೆ ನನ್ನ ಕೈಯನ್ನು ದಿಂಬಿನ ಮೇಲೆ ಇಟ್ಟು ಹಿಡಿದುಕೊಂಡೇ ಕೂತರು. ಗುಂಡಿ ಬಂದಾಗಲೆಲ್ಲ "ನಿಧಾನ" ಅನ್ನುತ್ತಿದ್ದರು. ಕೈಗೆ ಆರು ವಾರದ ಪ್ಲಾಸ್ಟರ್ ಬಿತ್ತು. ಅದು ಮಾತ್ರ ಗಟ್ಟಿ ಕೂತಿತು.

ಹೊಲಿಗೆ ನಿಂತಿತು. ಮದುವೆಯ ಬಟ್ಟೆಗಳನ್ನು ಜನ ವಾಪಸ್ ಒಯ್ದರು. ಉಳಿಸಬೇಕೆಂದಿದ್ದ ಕೂಲಿಗಿಂತ ಹೆಚ್ಚು ಹಣ ಹಾಗೆಯೇ ಹೋಯಿತು. ಇಂಥ ಹೊತ್ತಿಗೆಂದು ಗೌಂಡಿಯ ಬಳಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡಿತ್ತು. ವರ್ಷಕ್ಕೆ 90 ದಿನ ಈ ಕೆಲಸ ಮಾಡಿದವರಿಗೆ ಅದು ಸಿಗುತ್ತದೆ. ನಾನು ನಾಲ್ಕು ದಿನದ ಗೌಂಡಿ.

ಮೇ ತಿಂಗಳಲ್ಲಿ ಹೆಂಡತಿಯೇ ಹೋಗಿ ಆ ಗೌಂಡಿಯನ್ನು ಕರೆತಂದಳು. ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ನಾನು ಬಳಿದದ್ದನ್ನೆಲ್ಲ ಕೆತ್ತಿ ತೆಗೆಸಿದರು. ಸಂದಿ ಕೆದರಿ ಗೋಡೆ ತೋಯಿಸಿದರು. ಒಂದು ಪಾಲು ಸಿಮೆಂಟ್, ಒಂದು ಪಾಲು ಸುಣ್ಣ, ಆರು ಪಾಲು ಉಸುಕು ಕಲಸಿದರು. ಮೊದಲ ಪದರಕ್ಕೆ ಗೀರು ಹಾಕಿ, ಅದರ ಮೇಲೆ ಎರಡನೆಯದು ಬಳಿದರು. ಆಮೇಲೆ ಏಳು ದಿನ ಹೆಂಡತಿ, ಮಗಳು ಕೊಡದಲ್ಲಿ ನೀರು ಹೊತ್ತು ತಂದು ಗೋಡೆಗೆ ಹೊಡೆದರು. ನಾನು ಮಂಚದ ಮೇಲೆ ಕೂತು ನೋಡಿದೆ.

ಜೂನ್‌ನಲ್ಲಿ ಒಂದು ರಾತ್ರಿ ಜೋರು ಮಳೆ ಬಂತು. ಎದ್ದು ಒಳಗಿನಿಂದ ಎಡಗೈಯಲ್ಲಿ ಗೋಡೆ ಸವರಿದೆ. ಕಿಟಕಿಯ ಕೆಳಗೆ ಅಂಗೈಯಷ್ಟು ಜಾಗ ತಣ್ಣಗಿತ್ತು. ಬೆಳಿಗ್ಗೆ ಗೌಂಡಿ ಕಾಕಾಗೆ ಫೋನ್ ಮಾಡಿದರಾಯಿತೆಂದು ಮಲಗಿದೆ.