ಶ್ವಾನನೇತ್ರವೂ ವಂಶಪರೀಕ್ಷೆಯೂ

ನಾಯಿಯ ಕಣ್ಣಿನ ವಿಚಾರಕ್ಕೆ ಸಾಹಿತ್ಯಪತ್ರಿಕೆಯಲ್ಲಿ ಎಡೆಯೇಕೆಂದು ವಾಚಕರಲ್ಲಿ ಕೆಲವರು ಕೇಳಬಹುದು. ದೇವಲೋಕದ ಸರಮೆಯ ಸಂತತಿಯೆಂದು ಭಾವಿಸಿ ನಾಯಿಗೆ ಸಾರಮೇಯವೆಂಬ ಹೆಸರನ್ನಿತ್ತವರು ನಮ್ಮ ಪೂರ್ವಿಕರೇ. ಧರ್ಮರಾಯನಂತೂ ನಾಯಿಯನ್ನು ತೊರೆದು ಸ್ವರ್ಗವನ್ನೇರಲು ಒಪ್ಪಲಿಲ್ಲ. ನನಗೆ ಇಷ್ಟು ಆಧಾರ ಸಾಕು.

ಭಾಲ್ಕಿಯಲ್ಲಿ ನನ್ನ ಸೋದರಳಿಯನ ಮನೆಯಲ್ಲಿ ಲ್ಯಾಬ್ರಡಾರ್ ಜಾತಿಯ ಹೆಣ್ಣುನಾಯಿಯೊಂದುಂಟು. ಔರಾದಿನ ಗೃಹಸ್ಥರೊಬ್ಬರ ಗಂಡುನಾಯಿಯೊಡನೆ ಅದನ್ನು ಕೂಡಿಸಬೇಕೆಂದು ಮಾತು ನಡೆದಿತ್ತು. ಅಷ್ಟರಲ್ಲಿ, ಬೀದರಿನ ಪರಿಚಿತರ ಮನೆಯಲ್ಲಿದ್ದ ಅದರ ತಾಯಿಗೆ, ಆರನೆಯ ವರ್ಷದಲ್ಲಿ, ದೀಪ ಹಚ್ಚುವ ಹೊತ್ತಿಗೆ ಮೆಟ್ಟಿಲು ಕಾಣದಂತಾಯಿತು. ಮೊದಲು ಇರುಳುಗುರುಡು, ಎರಡು ವರ್ಷ ತುಂಬುವುದರೊಳಗೆ ಹಗಲೂ ಇರುಳೇ ಆಯಿತು. “ಮಾಮಾ, ತಾಯಿಯ ಗತಿ ಹೀಗಾಯಿತು, ಮಗಳದೇನು?” ಎಂದು ಅಳಿಯನು ಕೇಳಿದನು.

ರೆಟಿನವೆಂಬ ಅಕ್ಷಿಪಟಲವು ಮೆಲ್ಲಮೆಲ್ಲನೆ ಕ್ಷಯಿಸುವ ಈ ರೋಗಕ್ಕೆ ಔಷಧವಿಲ್ಲ. ಮರಿಯಾಗಿದ್ದಾಗ ಕಣ್ಣು ನಿರ್ಮಲವಾಗಿಯೇ ಇರುತ್ತದೆ. ರೋಗವು ಹೊರಬೀಳುವಷ್ಟರಲ್ಲಿ ನಾಯಿ ಎರಡು ಮೂರು ಸಲ ಈದಿರುವುದೂ ಉಂಟು. ಇದರ ಒಂದು ಬಗೆಗೆ ಕಾರಣವಾದ ಪಿಆರ್‌ಸಿಡಿ ಎಂಬ ಜೀನಿನ ದೋಷವನ್ನು ಅಮೇರಿಕೆಯ ವಿದ್ವಾಂಸರು 2006ರಲ್ಲಿ ಪ್ರಕಟಿಸಿದರು. ದೋಷವೆಂದರೆ ಒಂದೇ ಅಕ್ಷರದ ಪಲ್ಲಟ! ವ್ಯಾಕರಣ ಕಲಿಸಿದವನಿಗೆ ಇದರಲ್ಲಿ ಆಶ್ಚರ್ಯವಿಲ್ಲ; ಒಂದಕ್ಷರ ಕೆಟ್ಟು ಅರ್ಥವೇ ಕೆಟ್ಟುಹೋದ ಉತ್ತರಪತ್ರಿಕೆಗಳನ್ನು ನಾನು ಎಷ್ಟೋ ಕಂಡಿದ್ದೇನೆ. ಇದೇ ಪಲ್ಲಟವು ಕಣ್ಣು ಕೆಟ್ಟ ಮನುಷ್ಯರೊಬ್ಬರಲ್ಲಿಯೂ ಕಂಡುಬಂದಿತೆಂಬುದು ವಿಚಾರಾರ್ಹವಾದುದು.

ತಂದೆತಾಯಿಗಳಿಬ್ಬರಿಂದಲೂ ದೋಷವು ಬಂದರೆ ಮಾತ್ರ ರೋಗ; ಒಬ್ಬರಿಂದ ಬಂದರೆ ಆ ನಾಯಿ ವಾಹಕವಷ್ಟೆ, ಅದರ ಕಣ್ಣಿಗೆ ಬಾಧೆಯಿಲ್ಲ. ಎರಡು ವಾಹಕಗಳು ಕೂಡಿದರೆ ಪ್ರತಿಯೊಂದು ಮರಿಗೂ ನಾಲ್ಕರಲ್ಲೊಂದು ಪಾಲು ಕುರುಡಿನ ಸಂಭವ. ವಾಹಕವೂ ನಿರ್ದೋಷಿಯೂ ಕೂಡಿದರೆ ಅರ್ಧದಷ್ಟು ಮರಿಗಳು ವಾಹಕವಾದಾವು, ಈ ದೋಷದಿಂದ ಕುರುಡಾಗುವುದು ಒಂದೂ ಇಲ್ಲ. ಕನ್ಯೆಯನ್ನು ನೋಡುವ ಮುನ್ನ ಗೋತ್ರವನ್ನೂ ಸಾಪಿಂಡ್ಯವನ್ನೂ ವಿಚಾರಿಸುವ ನಾವು, ಸೋದರಮಾವನಿಗೇ ಹೆಣ್ಣು ಕೊಡುವಾಗ ಈ ಲೆಕ್ಕವನ್ನು ಮರೆಯುತ್ತೇವೆ. ಅದಿರಲಿ.

ಪಶುವೈದ್ಯರು ಹತ್ತಿಯ ಕಡ್ಡಿಯಿಂದ ಕೆನ್ನೆಯ ಒಳಭಾಗವನ್ನು ಸವರಿ, ತಾಯಿಮಗಳಿಬ್ಬರ ಮಾದರಿಗಳನ್ನೂ ಪರೀಕ್ಷಾಲಯಕ್ಕೆ ಕಳುಹಿಸಿದರು. ತಾಯಿಯಲ್ಲಿ ದೋಷವು ಎರಡು ಪಾಲು, ಮಗಳಲ್ಲಿ ಒಂದು ಪಾಲು ಎಂದು ಉತ್ತರ ಬಂದಿತು. ಔರಾದಿನವರಿಗೆ ಸುದ್ದಿ ತಿಳಿಸಿದಾಗ ಅವರು ಸಿಡಿಮಿಡಿಗೊಂಡರು. “ನಮ್ಮ ನಾಯಿ ಅಮಾವಾಸ್ಯೆಯ ಕತ್ತಲೆಯಲ್ಲಿ ಹೆಗ್ಗಣ ಹಿಡಿಯುತ್ತದೆ; ಅದರ ಕುಲಕ್ಕೇ ಕಲಂಕ ಹಚ್ಚುವಿರೋ?” ಎಂದರು. ಪರೀಕ್ಷೆಯು ಕಣ್ಣಿನದಲ್ಲ, ಹುಟ್ಟಲಿರುವ ಮರಿಗಳ ಭವಿಷ್ಯದ್ದೆಂದು ತಿಳಿಸಲು ನಾನೇ ಎರಡು ಸಲ ಔರಾದಿಗೆ ಹೋಗಬೇಕಾಯಿತು. ಅವರ ನಾಯಿ ನಿರ್ದೋಷಿಯೆಂದು ತಿಳಿದಾಗ ಎಲ್ಲರಿಗಿಂತ ಹೆಚ್ಚು ಹಿಗ್ಗಿದವರು ಅವರೇ.

ವಾಹಕವನ್ನು ಈಯಿಸಲೇಬಾರದೆಂದು ಕೆಲವರು ಅಳಿಯನಿಗೆ ಉಪದೇಶಿಸಿದರು. ಇದು ನನಗೆ ಸಮ್ಮತವಲ್ಲ. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಮುಧೋಳ ನಾಯಿಗಳಿಗಾಗಿ ಶ್ವಾನ ಸಂಶೋಧನ ಕೇಂದ್ರವನ್ನು ನಡೆಸುವುದು ನಮ್ಮ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ. ಅಂಥ ಸ್ವದೇಶೀ ತಳಿಗಳಲ್ಲಿ ಒಂದು ದೋಷದ ನೆಪದಿಂದ ಒಳ್ಳೆಯ ನಾಯಿಗಳನ್ನೆಲ್ಲ ತಳ್ಳಿಹಾಕಿದರೆ, ಉಳಿದ ಕೆಲವೇ ನಾಯಿಗಳು ತಮ್ಮತಮ್ಮಲ್ಲೇ ಕೂಡಿ, ಮರೆಯಲ್ಲಿದ್ದ ಬೇರೆ ದೋಷಗಳು ಮೇಲೆ ಬಂದಾವು. ಇದಲ್ಲದೆ ಒಂದು ಪರೀಕ್ಷೆಯು ಒಂದು ದೋಷವನ್ನೇ ಕಾಣಬಲ್ಲುದು. ಬ್ರಿಯಾರ್ಡ್ ಎಂಬ ಫ್ರೆಂಚ್ ನಾಯಿಗಳ ಅಂಧತ್ವಕ್ಕೆ ಕಾರಣವು ಆರ್‌ಪಿಇ65 ಎಂಬ ಬೇರೊಂದು ಜೀನು. ಆ ದೋಷವುಳ್ಳ ನಾಯಿಗಳ ಕಣ್ಣಿಗೆ ಸರಿಯಾದ ಜೀನನ್ನು ಸೇರಿಸಿ ದೃಷ್ಟಿ ಬರಿಸಿದ ಸಂಗತಿ 2001ರಲ್ಲಿ ಪ್ರಕಟವಾಯಿತು; ಅದೇ ಜೀನು ಕೆಟ್ಟ ಮನುಷ್ಯರಿಗಾಗಿ ಅಂಥ ಚಿಕಿತ್ಸೆಗೆ ಅಮೇರಿಕೆಯಲ್ಲಿ 2017ರಲ್ಲಿ ಮಾನ್ಯತೆ ದೊರೆಯಿತು. ನಾಯಿಯಿಂದ ನಾವು ಪಡೆದ ಋಣಗಳಲ್ಲಿ ಇದೂ ಒಂದು.

ಮರಿಗಳು ಏಳು ಹುಟ್ಟಿದವು. ರೂಢಿಯಂತೆ ಒಂದು ಔರಾದಿಗೆ ಹೋಯಿತು. ಉಳಿದವುಗಳೊಡನೆ ತಾಯಿಯ ಪರೀಕ್ಷೆಯ ಕಾಗದವನ್ನೂ ಕೊಡಬೇಕೆಂದು ಅಳಿಯನು ಹಟ ಹಿಡಿದನು. ಬೆಲೆ ಇಳಿಯುವುದೆಂದು ಮನೆಯವರೇ ಗೊಣಗಿದರು. ಮೊದಲು ಬಂದವರು ಕಾಗದವನ್ನು ಎರಡು ಸಲ ಓದಿ, ಮರಿಯನ್ನು ಕೆಳಗಿಳಿಸಿ ಹೊರಟುಹೋದರು. ಆ ಸಂಜೆ ಬಂದ ಇನ್ನೊಬ್ಬರು ಅದರ ಅರ್ಥವನ್ನು ಕೇಳಿ ತಿಳಿದು, ಕಾಗದವನ್ನು ಮಡಿಸಿ ಕಿಸೆಯಲ್ಲಿಟ್ಟುಕೊಂಡು, ಅದೇ ಮರಿಯನ್ನು ಒಯ್ದರು.